ಪಟ್ಟಿ ಇಲ್ಲದವಳ ಬೆಳಗು

ನನಗೆ ಕಾಗೆ ಗೊತ್ತು, ಪಾರಿವಾಳ ಗೊತ್ತು, ಗಿಳಿ ಗೊತ್ತು. ಉಳಿದದ್ದೆಲ್ಲ ‘ಯಾವುದೋ ಹಕ್ಕಿ’. ಅಂಥವಳು ಹೋದ ತಿಂಗಳು ಒಂದು ದಿನ ನಸುಕಿನ ನಾಲ್ಕೂವರೆಗೆ ಎದ್ದು ಹಕ್ಕಿ ನೋಡಲು ಹೊರಟೆ. ಅಕ್ಕನ ಗೆಳತಿ ಕೊನೇ ಗಳಿಗೆಯಲ್ಲಿ ಕೈಕೊಟ್ಟಿದ್ದಳು. “ದುಡ್ಡು ಕಟ್ಟಿ ಆಗಿದೆ, ವಾಪಸ್ ಬರಲ್ಲ. ಸುಮ್ನೆ ಬಾರೇ” ಅಂದಳು ಅಕ್ಕ. ಕತ್ತೆತ್ತಿ ಮರ ನೋಡುತ್ತಾ ಮೂರು ಗಂಟೆ ನಿಲ್ಲಬೇಕಲ್ಲ ಅಂತ ಗೊಣಗುತ್ತಲೇ ಹೋದೆ.

ಒಟ್ಟು ಎಂಟು ಜನ, ಜೊತೆಗೆ ಒಬ್ಬರು ಗೈಡ್. ಏಳು ಕೊರಳಲ್ಲಿ ಬೈನಾಕ್ಯುಲರ್ ತೂಗುತ್ತಿತ್ತು, ನನ್ನ ಕೊರಳಲ್ಲಿ ಕನ್ನಡಕದ ದಾರ. ಗೈಡ್ ತಮ್ಮ ಚೀಲದಿಂದ ಒಂದನ್ನು ತೆಗೆದು ಕೊಟ್ಟರು. ಮೇಲೆ 8 ಮತ್ತು 42 ಅಂತ ಬರೆದಿತ್ತು. ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್ ಅಂದರು. ಕಣ್ಣಿಗೆ ಹಿಡಿದರೆ ನನಗೆ ಕಂಡದ್ದು ಬರೀ ಕಪ್ಪು, ನಡುವೆ ನನ್ನದೇ ರೆಪ್ಪೆ. ಕನ್ನಡಕದವರು ರಬ್ಬರ್ ಬಳೆಯನ್ನು ತಿರುಗಿಸಿ ಒಳಗೆ ತಳ್ಳಬೇಕಂತೆ. ಆಮೇಲೆ ಇನ್ನೊಂದು ಉಪಾಯ ಹೇಳಿಕೊಟ್ಟರು. “ಮೊದಲು ಬರಿಗಣ್ಣಲ್ಲಿ ಹಕ್ಕಿ ಹುಡುಕಿ. ಸಿಕ್ಕ ಮೇಲೆ ನೋಟ ಕದಲಿಸಬೇಡಿ, ಬೈನಾಕ್ಯುಲರನ್ನೇ ಕಣ್ಣಿನ ಹತ್ತಿರ ತನ್ನಿ.”

ಹಾಗೆ ಮಾಡಿದಾಗ ಸಿಕ್ಕಿದ್ದು ಮಿಂಚುಳ್ಳಿ. ನೀರಿನ ಮೇಲೆ ಬಾಗಿದ ಕೊಂಬೆ, ಅದರ ತುದಿಯಲ್ಲಿ ಅಂಗೈಯಷ್ಟು ನೀಲಿ. ನಾನು “ಅಯ್ಯೋ!” ಅಂದೆ, ಸ್ವಲ್ಪ ಜೋರಾಗಿಯೇ. ಹಾರಿಹೋಯಿತು. ಯಾರೂ ಬೈಯಲಿಲ್ಲ. ಆ ಗರಿಯನ್ನು ಅರೆದು ಪುಡಿ ಮಾಡಿದರೆ ನೀಲಿ ಪುಡಿ ಸಿಗುವುದಿಲ್ಲ ಅಂದರು ಗೈಡ್. ಅದರಲ್ಲಿ ನೀಲಿ ಬಣ್ಣವೇ ಇಲ್ಲ. ಗರಿಯೊಳಗಿನ ತೀರಾ ಸಣ್ಣ ರಚನೆ ಬೆಳಕನ್ನು ಚದುರಿಸುವ ರೀತಿಗೆ ನಮಗೆ ಹಾಗೆ ಕಾಣುತ್ತದೆ, ಅಷ್ಟೇ. ಪಕ್ಕದ ಬಂಡೆಯ ಮೇಲೆ ನೀರುಕಾಗೆಯೊಂದು ಎರಡೂ ರೆಕ್ಕೆ ಹರಡಿ ನಿಂತಿತ್ತು. ಅದರ ಗರಿ ನೆನೆಯುತ್ತದೆ, ನೆನೆದರೆ ಮುಳುಗಿ ಮೀನು ಹಿಡಿಯುವುದು ಸುಲಭ, ಆಮೇಲೆ ಹೀಗೆ ಒಣಗಿಸಿಕೊಳ್ಳಬೇಕು. ಎಷ್ಟೋ ಸಲ ನೋಡಿದ್ದೆ. ಯಾಕೆ ಹಾಗೆ ನಿಂತಿದೆ ಅಂತ ಒಂದು ಸಲವೂ ಕೇಳಿಕೊಂಡಿರಲಿಲ್ಲ.

ಕೆಸರಲ್ಲಿ ಕೊಕ್ಕು ಚುಚ್ಚುತ್ತಿದ್ದ ಬೂದು ಹಕ್ಕಿಗಳು ಮಾತ್ರ ನನಗೆ ಎಲ್ಲಾ ಒಂದೇ. ಅಕ್ಕ ಮತ್ತು ಇನ್ನೊಬ್ಬರು ಕಾಲಿನ ಬಣ್ಣದ ಮೇಲೆ ಹದಿನೈದು ನಿಮಿಷ ವಾದ ಮಾಡಿದರು. ನಾನು ಆಕಳಿಸಿದೆ. ಗೈಡ್ ನೋಡಿದರೇನೋ, ನನ್ನ ಹತ್ತಿರ ಬಂದು ಇವುಗಳ ನೆಂಟ ಗಾಡ್‌ವಿಟ್ ಕಥೆ ಹೇಳಿದರು. 2022ರಲ್ಲಿ ಟ್ಯಾಗ್ ಕಟ್ಟಿದ ಒಂದು ಮರಿ, ಹುಟ್ಟಿ ಐದು ತಿಂಗಳಷ್ಟೇ, ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ ಹಾರಿತು. ಸುಮಾರು 13,560 ಕಿಲೋಮೀಟರ್, 11 ದಿನ. ಆಕಳಿಕೆ ಅಲ್ಲೇ ನಿಂತಿತು. ಕಾಲಿನ ಬಣ್ಣ ಯಾವುದಾದರೇನು, ಅಲ್ವಾ?

ಆದರೆ ಆ ದಿನ ಅಂದರೆ ನನಗೆ ನೆನಪಾಗುವುದು ಗೂಬೆ. ಮರಗಳ ನಡುವಿನ ದಾರಿಯಲ್ಲಿ ನಡೆಯುತ್ತಿದ್ದೆವು. ಗೈಡ್ ತಟ್ಟನೆ ಕೈ ಎತ್ತಿ ನಿಂತರು. “ಕೇಳಿಸ್ತಾ? ಯಾರೋ ಯಾರನ್ನೋ ಬೈತಾ ಇದ್ದಾರೆ.” ನನಗೆ ಕೇಳಿಸಿದ್ದು ಹಕ್ಕಿಗಳ ಗಲಾಟೆ, ಬೆಳಗ್ಗೆಯಿಂದ ಕೇಳುತ್ತಿದ್ದದ್ದೇ. ಅಲ್ಲ, ಇದು ಬೇರೆ ಅಂದರು. ಗಮನ ಕೊಟ್ಟರೆ ಹೌದು, ಬೇರೆ. ಒಂದೇ ಸಮನೆ, ಚುರುಕಾಗಿ, ಸಿಟ್ಟಿನಲ್ಲಿ. ಹಾಡಿನಂತಿಲ್ಲ, ಬೀದಿ ಜಗಳದಂತಿದೆ. ಸದ್ದಿನ ಜಾಡು ಹಿಡಿದು ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ಹೋದೆವು. ಒಂದು ಮರದ ಸುತ್ತ ಐದಾರು ಪುಟ್ಟ ಹಕ್ಕಿಗಳು, ಒಂದು ಕಾಜಾಣವೂ ಸೇರಿಕೊಂಡು ಒಂದೇ ಕಡೆ ಮುಖ ಮಾಡಿ ಕೂಗುತ್ತಿದ್ದವು. ಗೈಡ್ ಕೈ ತೋರಿಸಲಿಲ್ಲ. “ಮರವನ್ನು ಗಡಿಯಾರ ಅಂದುಕೊಳ್ಳಿ. ಎರಡು ಗಂಟೆ ಇರೋ ಕಡೆ, ಕಾಂಡಕ್ಕೆ ಒತ್ತಿಕೊಂಡು” ಅಂದರು ಪಿಸುಮಾತಲ್ಲಿ. ಅಲ್ಲಿದ್ದದ್ದು ತೊಗಟೆ. ಇನ್ನೂ ತೊಗಟೆ. ಆಮೇಲೆ ತೊಗಟೆ ಕಣ್ಣು ಬಿಟ್ಟಿತು.

ಹಗಲಲ್ಲಿ ಗೂಬೆ ಸಿಕ್ಕರೆ ಚಿಕ್ಕ ಹಕ್ಕಿಗಳು ಗುಂಪು ಕಟ್ಟಿ ಹೀಗೆ ಕಾಡುತ್ತವಂತೆ. ಕದ್ದು ಕೂತವನ ಗುಟ್ಟು ರಟ್ಟಾದರೆ ಬೇಟೆ ನಡೆಯಲ್ಲವಲ್ಲ. ಗೂಬೆ ನಮ್ಮತ್ತ ನಿಧಾನಕ್ಕೆ ಕತ್ತು ತಿರುಗಿಸಿತು. ಕಣ್ಣುಗುಡ್ಡೆ ಹೊರಳುವುದಿಲ್ಲ, ಅದಕ್ಕೇ ಕತ್ತು 270 ಡಿಗ್ರಿಯವರೆಗೆ ತಿರುಗುತ್ತದೆ. ನಮ್ಮ ಕತ್ತಿನಲ್ಲಿ ಏಳು ಮೂಳೆ, ಅದಕ್ಕೆ ಹದಿನಾಲ್ಕು. ಎಷ್ಟು ಹೊತ್ತು ನಿಂತೆವೋ ಗೊತ್ತಿಲ್ಲ. ನಾನು ಫೋನ್ ತೆಗೆಯಲೇ ಇಲ್ಲ.

ನಮ್ಮ ಗುಂಪಿನಲ್ಲಿ ನೋಟ್‌ಬುಕ್ ಹಿಡಿದ ಒಬ್ಬರು ಹಿರಿಯರಿದ್ದರು. ಅವರಿಗೆ ಬೇಕಾಗಿದ್ದು ಒಂದೇ ಒಂದು ಉಲಿಯಕ್ಕಿ, ಎಂಟು ವರ್ಷದಿಂದ ತಪ್ಪಿಸಿಕೊಳ್ಳುತ್ತಿದೆಯಂತೆ. ಫೋನಿನಲ್ಲಿ ಅದರ ಕೂಗು ಹಾಕಿ ಕರೆಯೋಣ ಅಂದರು. ಗೈಡ್ ಒಪ್ಪಲಿಲ್ಲ. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಅಂತ ಅದು ಗೂಡು, ಊಟ ಬಿಟ್ಟು ಜಗಳಕ್ಕೆ ಬರುತ್ತದೆ, ಇಲ್ಲದ ಶತ್ರುವಿನ ಜೊತೆ ಸುಮ್ಮನೆ ದಣಿಯುತ್ತದೆ ಅಂದರು. ಉಲಿಯಕ್ಕಿ ಬರಲಿಲ್ಲ. ಹಿರಿಯರು ಮುಖ ಸಣ್ಣ ಮಾಡಿಕೊಂಡೇ ನಡೆದರು. ಗೂಬೆ ಎದುರಿಗಿದ್ದಾಗಲೂ ಅವರ ಕಿವಿ ಪೊದೆಯ ಕಡೆಗಿತ್ತು. ಪಾಪ ಅನಿಸಿತು. ನನಗೆ ಪಟ್ಟಿ ಇಲ್ಲ, ಹಾಗಾಗಿ ಸಿಗದೇ ಹೋದದ್ದೂ ಇಲ್ಲ. ಹುಡುಕುವ ಕಷ್ಟ, ಹೆಸರು ನೆನಪಿಡುವ ಕಷ್ಟ ಎಲ್ಲ ಗೈಡ್‌ದು. ಬಾಯಿ ಬಿಟ್ಟು ನೋಡುವ ಕೆಲಸ ಮಾತ್ರ ನನ್ನದು.

ವಾಪಸ್ ಬರುವಾಗ ಅಕ್ಕ ಲೆಕ್ಕ ಹಾಕಿದಳು. ಐವತ್ತೇಳು ಜಾತಿ. “ನಿನಗೆಷ್ಟು ನೆನಪಿದೆ?” ಅಂದಳು. ಬೆರಳು ಮಡಚಿ ನೋಡಿದೆ, ಐದು. ನಕ್ಕಳು. ಬೈನಾಕ್ಯುಲರ್ ಕೊಂಡುಕೋ ಅಂತಲೂ ಅಂದಳು. ಇಲ್ಲಪ್ಪ, ಕೊಳ್ಳಲ್ಲ. ಮುಂದಿನ ಸಲ ಯಾರಾದರೂ ಕೈಕೊಟ್ಟರೆ ನನ್ನನ್ನು ಕರಿ ಅಂದೆ.

ಅದಾಗಿ ನಾಲ್ಕು ದಿನಕ್ಕೆ, ಮಧ್ಯಾಹ್ನ ಕೆಲಸ ಮಾಡುತ್ತಾ ಕೂತಿದ್ದೆ. ಹೊರಗೆ ಕಾಗೆಗಳ ಗಲಾಟೆ. ಒಂದೇ ಸಮನೆ, ಸಿಟ್ಟಿನಲ್ಲಿ. ಯಾರನ್ನು ಬೈತಾ ಇವೆ ಅಂತ ಎದ್ದು ಹೋಗಿ ನೋಡಿದೆ. ಗೋಡೆಯ ಮೇಲೆ ಬೆಕ್ಕು, ಏನೂ ಆಗದವರ ಹಾಗೆ ಕಾಲು ನೆಕ್ಕುತ್ತಾ ಕೂತಿತ್ತು.