ಟಾಸ್‌ಗೆ ಮುಂಚೆಯೇ ಸೋಲುವ ಕ್ಲಬ್‌ಗಳು

ಪ್ರಾದೇಶಿಕ ಲೀಗ್‌ನಲ್ಲಿ ಆಡುವ ಸಣ್ಣ ಕ್ಲಬ್ಬೊಂದು ನಿಂತುಹೋದರೆ ಕೇಳಿಬರುವ ಕಾರಣ ಎರಡೇ: ದುಡ್ಡಿಲ್ಲ, ಹುಡುಗರಿಗೆ ಆಸಕ್ತಿ ಇಲ್ಲ. ಎರಡರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಮ್ಯಾಚ್ ದಿನ ಬೆಳಿಗ್ಗೆ ಮೈದಾನಕ್ಕೆ ಹೋಗಿ ನೋಡಿ. ಆಟಕ್ಕೆ ಮುಂಚೆ ಬ್ಯಾಟ್ ಬೀಸಿ ನಾಕ್ ಮಾಡಲು ಹತ್ತು ಜನ ಇರುತ್ತಾರೆ, ಪಿಚ್ ಮೇಲೆ ಗೆರೆ ಎಳೆಯಲು ಒಬ್ಬನಿರುತ್ತಾನೆ, ಸ್ಕೋರ್‌ಬುಕ್ ಹಿಡಿಯಲು ಯಾರೂ ಇರುವುದಿಲ್ಲ. ಆ ಒಬ್ಬನಿಗೆ ವರ್ಗವಾಗಿಯೋ ಬೇಸರವಾಗಿಯೋ ಬರುವುದು ತಪ್ಪಿದ ವರ್ಷವೇ ಕ್ಲಬ್ಬಿನ ಕಥೆ ಮುಗಿಯುತ್ತದೆ.

ಮೊದಲು ಹನ್ನೊಂದು ಜನರ ಲೆಕ್ಕ. ಪಟ್ಟಿಯಲ್ಲಿ ಹದಿನೈದು ಹೆಸರಿದ್ದರೆ ಸಾಕು ಅಂದುಕೊಂಡ ತಂಡ ಸೀಸನ್ ಅರ್ಧಕ್ಕೆ ಬರುವಷ್ಟರಲ್ಲಿ ಎಂಟು ಜನರಲ್ಲಿ ಫೀಲ್ಡಿಂಗ್ ಮಾಡುತ್ತಿರುತ್ತದೆ. ಪರೀಕ್ಷೆ, ಪಾಳಿ ಕೆಲಸ, ಗಾಯ, ಮನೆಯ ತಾಪತ್ರಯ ಎಲ್ಲ ಸೇರಿ ಯಾವ ವಾರದಲ್ಲೂ ಮೂರರಲ್ಲಿ ಒಂದು ಪಾಲು ಸಿಗುವುದಿಲ್ಲ ಎಂದೇ ಇಟ್ಟುಕೊಳ್ಳಬೇಕು. ಆ ಲೆಕ್ಕಕ್ಕೆ ಹದಿನೆಂಟು ಜನ ಬೇಕು. ಇಪ್ಪತ್ತೈದಾದರೆ ಇನ್ನೊಂದು ತೊಂದರೆ: ಎರಡು ವಾರ ಹೊರಗೆ ಕೂತವನು ಮೂರನೇ ವಾರ ಬೇರೆ ಕ್ಲಬ್ಬಿನ ಜರ್ಸಿಯಲ್ಲಿ ಕಾಣುತ್ತಾನೆ.

ಗ್ರೂಪ್‌ನಲ್ಲಿ ಬಿದ್ದ ಹೆಬ್ಬೆರಳಿನ ಚಿತ್ರವನ್ನು ಒಪ್ಪಿಗೆ ಅಂತ ನಂಬಬೇಡಿ. ಮಂಗಳವಾರ ಕೇಳಿ, ಗುರುವಾರ ರಾತ್ರಿ ಬಾಗಿಲು ಹಾಕಿ, ಶುಕ್ರವಾರ ಹನ್ನೆರಡು ಹೆಸರು ಹಾಕಿ. ಆಮೇಲೆ "ನಾನೂ ಬರ್ತೀನಿ" ಅಂದವನು ಎಷ್ಟೇ ದೊಡ್ಡ ಬ್ಯಾಟ್ಸ್‌ಮನ್ ಆಗಿರಲಿ, ಮುಂದಿನ ವಾರಕ್ಕೆ. ಒಂದು ಸಲ ಸಡಿಲಿಸಿದರೂ ಗುರುವಾರಕ್ಕೆ ಅರ್ಥವೇ ಉಳಿಯುವುದಿಲ್ಲ.

ಇದರ ಜೊತೆಗೆ ನಿಯಮ ಗೊತ್ತಿಲ್ಲದೆ ಆಗುವ ನಷ್ಟವೂ ಇದೆ. ಟಾಸ್‌ಗೆ ಮುಂಚೆ ಕ್ಯಾಪ್ಟನ್ ಆಟಗಾರರ ಹೆಸರನ್ನು ಅಂಪೈರ್‌ಗೆ ಬರೆದು ಕೊಡಬೇಕು. ಆಮೇಲೆ ಬದಲಾಯಿಸಲು ಎದುರಾಳಿ ಕ್ಯಾಪ್ಟನ್ ಒಪ್ಪಬೇಕು. "ದಾರೀಲಿದಾನೆ" ಎಂದು ಬರೆದ ಹೆಸರು ಕೊನೆಗೂ ಬರದಿದ್ದರೆ ನೀವು ಹತ್ತೇ ಜನ. ಬದಲಿ ಫೀಲ್ಡರ್ ಬೌಲಿಂಗ್ ಮಾಡುವಂತಿಲ್ಲ, ಕ್ಯಾಪ್ಟನ್ ಆಗುವಂತಿಲ್ಲ. ಅಂಪೈರ್ ಒಪ್ಪಿದರೆ ಕೀಪಿಂಗ್ ಮಾಡಬಹುದು. ತಡವಾಗಿ ಬಂದವನೂ ಬಂದ ಕೂಡಲೇ ಬೌಲಿಂಗ್ ಮಾಡುವಂತಿಲ್ಲ. ಎಷ್ಟು ಹೊತ್ತು ಹೊರಗಿದ್ದನೋ ಅಷ್ಟು ಹೊತ್ತು, ಗರಿಷ್ಠ 90 ನಿಮಿಷ, ಮೈದಾನದಲ್ಲಿ ಕಳೆದ ಮೇಲಷ್ಟೇ ಚೆಂಡು ಕೈಗೆ. ನಿಮ್ಮ ಓಪನಿಂಗ್ ಬೌಲರ್ ನಲವತ್ತು ನಿಮಿಷ ತಡವಾಗಿ ಬಂದರೆ ಹೊಸ ಚೆಂಡು ಅವನಿಗೆ ಸಿಗುವ ಹೊತ್ತಿಗೆ ಹಳೆಯದಾಗಿರುತ್ತದೆ.

ಕ್ಲಬ್‌ಗಳು ಆಟಗಾರರನ್ನು ಕಳೆದುಕೊಳ್ಳುವ ಇನ್ನೊಂದು ದಾರಿಗೆ ಸದ್ದಿಲ್ಲ. 40 ಓವರಿನ ಮ್ಯಾಚ್‌ನಲ್ಲಿ ಒಬ್ಬ ಬೌಲರ್‌ಗೆ 8 ಓವರ್ ಮಿತಿ ಇದ್ದರೆ ಐದು ಜನರಲ್ಲಿ ಬೌಲಿಂಗ್ ಮುಗಿಯುತ್ತದೆ. ಬ್ಯಾಟಿಂಗ್‌ನಲ್ಲಿ ಹೆಚ್ಚಿನ ಚೆಂಡು ಮೊದಲ ಐದಾರು ಜನರ ಪಾಲು. ಒಂಬತ್ತನೇ ಕ್ರಮಾಂಕದಲ್ಲಿ ಪ್ಯಾಡ್ ಕಟ್ಟಿ ಕೂತು, ನಲವತ್ತು ಓವರ್ ಕೀಪರ್ ಹಿಂದಿನ ಬೌಂಡರಿ ಮೂಲೆಯಾದ ಡೀಪ್ ಫೈನ್ ಲೆಗ್‌ನಿಂದ ಡೀಪ್ ಫೈನ್ ಲೆಗ್‌ಗೆ ಓಡಿದವನೂ ಶತಕ ಹೊಡೆದವನಷ್ಟೇ ಮ್ಯಾಚ್ ಫೀ ಕೊಡುತ್ತಾನೆ. ಅವನು ಜಗಳ ಮಾಡುವುದಿಲ್ಲ, ಬಿಡ್ತೀನಿ ಅಂತಲೂ ಹೇಳುವುದಿಲ್ಲ. ವಾರ ವಾರ "ಸ್ವಲ್ಪ ಕೆಲಸ ಇದೆ" ಎನ್ನುತ್ತಾನೆ, ಅಷ್ಟೇ. ಇದಕ್ಕೆ ಮದ್ದು ಒಂದು ನೋಟ್‌ಬುಕ್. ಪ್ರತಿ ಮ್ಯಾಚ್ ಆದ ಮೇಲೆ ಯಾರು ಎಷ್ಟು ಚೆಂಡು ಎದುರಿಸಿದರು, ಎಷ್ಟು ಓವರ್ ಹಾಕಿದರು ಎಂದು ಬರೆದಿಡಿ. ಸತತ ಎರಡು ಮ್ಯಾಚ್‌ನಲ್ಲಿ ಆರು ಚೆಂಡೂ ಆಡದೆ, ಒಂದು ಓವರೂ ಹಾಕದೆ ಮನೆಗೆ ಹೋದವನಿಗೆ ಮೂರನೇ ಮ್ಯಾಚ್‌ನಲ್ಲಿ ನಾಲ್ಕನೇ ಕ್ರಮಾಂಕ ಕೊಡಿ. ಅದರಿಂದ ಒಂದೊಂದು ಮ್ಯಾಚ್ ಕೈತಪ್ಪಬಹುದು, ತಪ್ಪಲಿ.

ದುಡ್ಡಿನ ವಿಷಯ ಇಷ್ಟೇ: ಮೈದಾನ, ಚೆಂಡು, ಅಂಪೈರ್ ಖರ್ಚನ್ನು ಹನ್ನೊಂದರಿಂದ ಭಾಗಿಸಬೇಡಿ, ಇಬ್ಬರು ಕೊಡುವುದಿಲ್ಲ ಎಂದಿಟ್ಟುಕೊಂಡು ಒಂಬತ್ತರಿಂದ ಭಾಗಿಸಿ. ಟಾಸ್‌ಗೆ ಮುಂಚೆಯೇ ವಸೂಲಿ ಮಾಡಿ. ಮ್ಯಾಚ್ ಸೋತ ಮೇಲೆ ಯಾರ ಜೇಬಿನಲ್ಲೂ ಚಿಲ್ಲರೆ ಇರುವುದಿಲ್ಲ.

ಈಗ ಪಿಚ್. ಕ್ಲಬ್ ಮಟ್ಟದಲ್ಲಿ ಪಿಚ್ ಹಾಳಾಗುವುದಕ್ಕೆ ಕೆಟ್ಟ ಮಣ್ಣಿಗಿಂತ ತಪ್ಪು ಹೊತ್ತಿನಲ್ಲಿ ಹಾಕಿದ ನೀರು ಹೆಚ್ಚು ಕಾರಣ. ಹಿಂದಿನ ಸಂಜೆ ಪೈಪ್ ಹಿಡಿದು ತೋಯಿಸಿ, ಬೆಳಿಗ್ಗೆ ರೋಲರ್ ಎಳೆದರೆ ಮೇಲ್ಪದರ ಒಣಗಿ ಗಟ್ಟಿಯಾಗುತ್ತದೆ, ಕೆಳಗೆ ಹಸಿ ಉಳಿಯುತ್ತದೆ. ಹತ್ತು ಓವರ್ ಆಗುವಷ್ಟರಲ್ಲಿ ಚೆಂಡು ಹೆಚ್ಚಾಗಿ ಪುಟಿಯುವ ಗುಡ್ ಲೆಂಗ್ತ್ ಜಾಗದ ಚಕ್ಕೆ ಏಳುತ್ತದೆ. ಒಂದು ಚೆಂಡು ಮೂಗಿಗೆ, ಮುಂದಿನದು ಪಾದಕ್ಕೆ. ಜೇಡಿಮಣ್ಣಿನ ಪಿಚ್‌ಗೆ ಐದಾರು ದಿನ ಮುಂಚೆಯೇ ನೀರು ಕುಡಿಸಬೇಕು. ಮೇಲೆ ಒದ್ದೆಯಾದರೆ ಸಾಲದು, ಎರಡು ಮೂರು ಇಂಚು ಆಳಕ್ಕೆ ಇಳಿಯಬೇಕು. ಆಮೇಲೆ ಒಣಗುತ್ತಾ ಬಂದ ಹಾಗೆ ದಿನವೂ ರೋಲ್ ಮಾಡಬೇಕು, ಮೊದಲು ಹಗುರ ರೋಲರ್, ಕೊನೆಕೊನೆಗೆ ಭಾರದ್ದು. ಹೊತ್ತು ಸರಿಯಿದೆಯೇ ಎಂದು ತಿಳಿಯಲು ಹೆಬ್ಬೆರಳು ಸಾಕು. ಒತ್ತಿದಾಗ ಗುರುತು ಬಿದ್ದು ಮಣ್ಣು ಬೆರಳಿಗೆ ಅಂಟದಿದ್ದರೆ ರೋಲ್ ಮಾಡಿ. ಅಂಟಿದರೆ ಕಾಯಿರಿ, ಇಲ್ಲವಾದರೆ ರೋಲರ್ ಮಣ್ಣನ್ನು ಕಿತ್ತುಕೊಂಡು ಹೋಗುತ್ತದೆ. ಗುರುತೇ ಬೀಳದಿದ್ದರೆ ತಡವಾಗಿದೆ. ಆಗ ಎಷ್ಟು ಎಳೆದರೂ ಹೊಳಪು ಬರುತ್ತದೆ, ಒಳಗೆ ಗಟ್ಟಿಯಾಗುವುದಿಲ್ಲ. ಮ್ಯಾಚ್ ಶುರುವಾದ ಮೇಲಂತೂ ಇನ್ನಿಂಗ್ಸ್‌ಗಳ ನಡುವೆ ಸಿಗುವುದು ಹೆಚ್ಚೆಂದರೆ 7 ನಿಮಿಷದ ರೋಲಿಂಗ್, ಅದೂ ಬ್ಯಾಟಿಂಗ್ ಮಾಡುವ ತಂಡದ ಕ್ಯಾಪ್ಟನ್ ಕೇಳಿದರೆ ಮಾತ್ರ.

ಮ್ಯಾಟ್ ಹಾಸಿದ ಪಿಚ್‌ನಲ್ಲಿ ಬೇರೆ ರೋಗ. ಮ್ಯಾಟ್ ಬಿಗಿಯಿಲ್ಲದಿದ್ದರೆ ಅಲೆಯಂತೆ ಸುಕ್ಕು ಕೂರುತ್ತದೆ, ಸುಕ್ಕಿಗೆ ಬಿದ್ದ ಚೆಂಡು ಎತ್ತ ಹೋಗುತ್ತದೆಂದು ಬೌಲರ್‌ಗೂ ಗೊತ್ತಿರುವುದಿಲ್ಲ. ಒಂದು ತುದಿಗೆ ಮೊಳೆ ಹೊಡೆದು, ಇನ್ನೊಂದು ತುದಿಯಿಂದ ನಾಲ್ಕು ಜನ ಎಳೆದು ಹಿಡಿದಿರುವಾಗಲೇ ಆ ತುದಿಗೂ ಹೊಡೆಯಬೇಕು. ಪಕ್ಕದ ಅಂಚುಗಳು ಕೊನೆಗೆ, ಎರಡೂ ಕಡೆ ಎದುರುಬದುರಾಗಿ. ಮೊಳೆಯ ತಲೆ ಮೇಲೆದ್ದಿದ್ದರೆ ಡೈವ್ ಹೊಡೆದವನ ಮೊಣಕೈ ಹೋಯಿತು ಅಂತಲೇ. ಇನ್ನು ಮ್ಯಾಟ್ ಕೆಳಗಿನ ನೆಲವನ್ನು ಯಾರೂ ನೋಡುವುದೇ ಇಲ್ಲ. ಚೆಂಡು ಬಿದ್ದು ಬಿದ್ದು ಲೆಂಗ್ತ್ ಜಾಗದಲ್ಲಿ ಬಟ್ಟಲಿನಷ್ಟು ತಗ್ಗಾಗಿರುತ್ತದೆ. ತಿಂಗಳಿಗೊಮ್ಮೆಯಾದರೂ ಅಲ್ಲಿ ಹಸಿ ಮಣ್ಣು ತುಂಬಿ, ದಿಮ್ಮಿಸಿ, ಒಣಗಲು ಬಿಡಬೇಕು. ಒದ್ದೆ ಮ್ಯಾಟ್ ಸುತ್ತಿಟ್ಟರೆ ಮುಂದಿನ ಸೀಸನ್‌ಗೆ ಕೈಗೆ ನಾರು ಬರುತ್ತದೆ.

ಗೆರೆಗಳ ಅಳತೆಯಲ್ಲಿ ಅಂದಾಜು ನಡೆಯುವುದಿಲ್ಲ. ಸ್ಟಂಪ್‌ನಿಂದ ಸ್ಟಂಪ್‌ಗೆ 20.12 ಮೀಟರ್, ಸ್ಟಂಪ್‌ನ ಗೆರೆಯಿಂದ ಮುಂದಕ್ಕೆ 1.22 ಮೀಟರ್‌ಗೆ ಪಾಪಿಂಗ್ ಕ್ರೀಸ್ (ಬ್ಯಾಟ್ಸ್‌ಮನ್ ಒಳಗಿರಬೇಕಾದ ಗೆರೆ), ಮಧ್ಯದ ಸ್ಟಂಪ್‌ನಿಂದ ಎರಡೂ ಬದಿಗೆ 1.32 ಮೀಟರ್‌ಗೆ ರಿಟರ್ನ್ ಕ್ರೀಸ್ (ಬೌಲರ್‌ನ ಹಿಂದಿನ ಕಾಲು ದಾಟಬಾರದ ಪಕ್ಕದ ಗೆರೆ). ಪಾಪಿಂಗ್ ಕ್ರೀಸನ್ನು ಬ್ಯಾಟ್‌ನಲ್ಲಿ ಅಳೆದು ಎಳೆಯುವ ಅಭ್ಯಾಸ ಹಲವರಿಗಿದೆ. ಒಂದು ತುದಿಯಲ್ಲಿ ಮೀಟರಿಗೂ ಕಡಿಮೆಯಾಗಿ, ಇನ್ನೊಂದರಲ್ಲಿ ಜಾಸ್ತಿಯಾಗಿ, ದಿನವಿಡೀ ನೋಬಾಲ್ ಮತ್ತು ರನೌಟ್ ಜಗಳ. ಗಂಟು ಹಾಕಿದ ಒಂದು ದಾರವನ್ನು ಕಿಟ್ ಬ್ಯಾಗ್‌ನಲ್ಲಿ ಇಟ್ಟುಬಿಟ್ಟರೆ ಕೆಲಸ ಐದು ನಿಮಿಷದ್ದು.

ಹೊತ್ತು ಎಲ್ಲಿ ಸೋರುತ್ತದೆ ನೋಡಿ. ಗಂಟೆಗೆ 15 ಓವರ್ ಹಾಕಿದರೆ 40 ಓವರ್‌ಗೆ ಎರಡು ಗಂಟೆ ನಲವತ್ತು ನಿಮಿಷ. ಒಂಬತ್ತಕ್ಕೆ ಶುರುವಾದರೆ ನಲವತ್ತು ನಿಮಿಷದ ಬಿಡುವೂ ಸೇರಿ ಮೂರು ಗಂಟೆಗೆ ಮ್ಯಾಚ್ ಮುಗಿಯಬೇಕು. ಗಂಟೆಗೆ 12 ಓವರ್‌ಗೆ ಇಳಿದರೆ ನಾಲ್ಕೂ ಇಪ್ಪತ್ತು. ಮುಕ್ಕಾಲು ಗಂಟೆ ತಡವಾಗಿ ಶುರುವಾದರೆ ಐದು ದಾಟುತ್ತದೆ, ಅಲ್ಲಿಗೆ ಬೆಳಕಿನ ಜಗಳ. ಗಂಟೆಗೆ ಕಡಿಮೆಯಾದ ಆ ಮೂರು ಓವರ್ ಹೋಗುವುದು ಮುಖ್ಯವಾಗಿ ಪೊದೆಯಲ್ಲಿ ಚೆಂಡು ಹುಡುಕುವುದರಲ್ಲಿ. ಕಳೆದ ಚೆಂಡಿನ ಬದಲಿಗೆ ಹೆಚ್ಚುಕಮ್ಮಿ ಅಷ್ಟೇ ಸವೆದ ಚೆಂಡು ಕೊಡಬೇಕು ಎಂಬುದು ನಿಯಮ, ಆದರೆ ಅಂಥದ್ದು ಬ್ಯಾಗ್‌ನಲ್ಲಿ ಇರಬೇಕಲ್ಲ! ಹಳೆಯ ಚೆಂಡುಗಳನ್ನು ನೆಟ್ಸ್‌ಗೆ ಎಸೆಯುವ ಬದಲು 10, 20, 30 ಓವರ್ ಎಂದು ಚೀಟಿ ಹಚ್ಚಿದ ಮೂರು ಚೀಲದಲ್ಲಿ ಇಡಿ. ಅಂಪೈರ್ ಕೈ ಹಾಕಿ ಒಂದು ತೆಗೆದುಕೊಂಡರೆ ಆಟ ಮುಂದುವರಿಯುತ್ತದೆ.

ಮಳೆ ಬಂದರೆ ಬಹಳ ಲೀಗ್‌ಗಳು ಸರಾಸರಿ ರನ್ ರೇಟ್‌ನಲ್ಲೇ ಗುರಿ ಇಳಿಸುತ್ತವೆ. ಇದು ಚೇಸ್ ಮಾಡುವವರಿಗೆ ಕೊಟ್ಟ ಉಡುಗೊರೆ. ಮೊದಲ ತಂಡ 40 ಓವರ್‌ನಲ್ಲಿ 200 ಹೊಡೆದು, ಎರಡನೆಯವರಿಗೆ ಶುರುವಿನಿಂದಲೇ 20 ಓವರ್ ಮಾತ್ರ ಸಿಕ್ಕಿತೆನ್ನಿ. ಸರಾಸರಿಯ ಲೆಕ್ಕದಲ್ಲಿ ಗುರಿ 101. ಹತ್ತು ವಿಕೆಟ್ ಕೈಲಿಟ್ಟುಕೊಂಡು 20 ಓವರ್‌ನಲ್ಲಿ ಅಷ್ಟು ಹೊಡೆಯಲು ಯಾರಿಗೆ ಬರುವುದಿಲ್ಲ? 1997ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್‌ಗೆ ಬಂದ ಡಕ್‌ವರ್ತ್ ಲೂಯಿಸ್ ವಿಧಾನದ ಸ್ಟ್ಯಾಂಡರ್ಡ್ ಪಟ್ಟಿ ಒಂದು ಹಾಳೆಯಲ್ಲಿ ಹಿಡಿಯುತ್ತದೆ, ಕಂಪ್ಯೂಟರ್ ಬೇಕಿಲ್ಲ. ಉಳಿದ ಓವರ್ ಮತ್ತು ವಿಕೆಟ್ ಎರಡನ್ನೂ ಸೇರಿಸಿ ತಂಡದ ಬಲ ಶೇಕಡಾ ಎಷ್ಟು ಎಂದು ಅದು ಹೇಳುತ್ತದೆ. ಅದರಲ್ಲಿ ವಿಕೆಟ್ ಬೀಳದೆ 40 ಓವರ್ ಉಳಿದಿದ್ದರೆ 89.3, 20 ಓವರ್ ಉಳಿದಿದ್ದರೆ 56.6. 200ನ್ನು 56.6ರಿಂದ ಗುಣಿಸಿ 89.3ರಿಂದ ಭಾಗಿಸಿದರೆ 126.8, ಗುರಿ 127. ಹಾಳೆಯನ್ನು ಸ್ಕೋರ್‌ಬುಕ್‌ನ ರಟ್ಟಿಗೆ ಅಂಟಿಸಿ, ಟಾಸ್‌ಗೆ ಮುಂಚೆ ಇಬ್ಬರೂ ಕ್ಯಾಪ್ಟನ್‌ಗಳಿಗೆ ತೋರಿಸಿ. ಮೋಡ ಕಟ್ಟಿದ ಮೇಲೆ ತೋರಿಸಿದರೆ ಯಾರೂ ಒಪ್ಪುವುದಿಲ್ಲ.

ಸ್ಕೋರ್ ಬರೆಯುವವರು ಇಬ್ಬರು ಇರಬೇಕು, ತಂಡಕ್ಕೊಬ್ಬರು, ಅಕ್ಕಪಕ್ಕದಲ್ಲಿ ಕೂತು. ಓವರ್ ಮುಗಿದಾಗಲೆಲ್ಲ ಮೊತ್ತ ತಾಳೆ ನೋಡಬೇಕು. ಹದಿನೇಳನೇ ಓವರ್‌ನ ಒಂದು ರನ್ ತಪ್ಪನ್ನು ಮೂವತ್ತೊಂಬತ್ತನೇ ಓವರ್‌ನಲ್ಲಿ ಹುಡುಕಲು ಸಾಧ್ಯವಿಲ್ಲ. ಬ್ಯಾಟ್ಸ್‌ಮನ್‌ಗಳ ರನ್‌ಗೆ ಎಕ್ಸ್‌ಟ್ರಾ (ಬ್ಯಾಟ್‌ನಿಂದ ಬರದ ರನ್) ಕೂಡಿಸಿದರೆ ಮೊತ್ತ ಬರಬೇಕು. ಬೌಲರ್‌ಗಳು ಕೊಟ್ಟ ರನ್‌ಗೆ ಬೈ, ಲೆಗ್ ಬೈ, ಪೆನಾಲ್ಟಿ ಕೂಡಿಸಿದರೂ ಅದೇ ಮೊತ್ತ ಬರಬೇಕು. ವೈಡ್ ಮತ್ತು ನೋಬಾಲ್ ಬೌಲರ್ ಖಾತೆಗೆ ಹೋಗುವುದನ್ನು ಮರೆತರೆ ಎರಡನೇ ಲೆಕ್ಕ ಯಾವತ್ತೂ ಕೂಡುವುದಿಲ್ಲ. ಆ್ಯಪ್ ಒಳ್ಳೆಯದೇ, ಆದರೆ ಫೋನಿಗೆ ಕರೆ ಬರುತ್ತದೆ, ಚಾರ್ಜ್ ಮುಗಿಯುತ್ತದೆ. ಪಕ್ಕದಲ್ಲಿ ಪುಸ್ತಕ ಇರಲಿ.

ಓವರಿಗೆ ಹೊಡೆದ ರನ್‌ನಿಂದ ಓವರಿಗೆ ಕೊಟ್ಟ ರನ್ ಕಳೆದು ಬರುವ ನೆಟ್ ರನ್ ರೇಟ್‌ನಲ್ಲಿ ಕ್ಲಬ್ ಕಾರ್ಯದರ್ಶಿಗಳು ಮಾಡುವ ತಪ್ಪು ಎರಡು. 28.3 ಓವರ್ ಅಂದರೆ 28 ಓವರ್ 3 ಚೆಂಡು, ಭಾಗಾಕಾರಕ್ಕೆ 28.5. ಅಷ್ಟರಲ್ಲಿ 171 ಹೊಡೆದ ತಂಡದ ರೇಟ್ ಸರಿಯಾಗಿ 6.00, 28.3 ಎಂದೇ ಒತ್ತಿದರೆ 6.04 ಬರುತ್ತದೆ. ಇನ್ನೊಂದು, 30 ಓವರ್‌ನಲ್ಲಿ 120ಕ್ಕೆ ಆಲೌಟ್ ಆದವರಿಗೆ ಪೂರ್ತಿ 40 ಓವರ್ ಲೆಕ್ಕ: ರೇಟ್ 3.00, 4.00 ಅಲ್ಲ. ಸೆಮಿಫೈನಲ್ ಜಾಗ ಈ ಅಂಕಿಗಳ ಮೇಲೇ ನಿಂತಿರುವುದರಿಂದ ಪಾಯಿಂಟ್ಸ್ ಪಟ್ಟಿಯನ್ನು ವಾರವಾರವೂ ಎಲ್ಲ ಕ್ಲಬ್‌ಗಳಿಗೆ ಕಳಿಸಬೇಕು, ಕೊನೆಯ ವಾರ ತೆಗೆದು ತೋರಿಸಬಾರದು.

ಅಂಪೈರ್ ಕೊರತೆಗೆ ಪೂರ್ತಿ ಉತ್ತರ ಯಾರ ಬಳಿಯೂ ಇಲ್ಲ. ಬ್ಯಾಟಿಂಗ್ ತಂಡದವರೇ ನಿಂತರೆ ಎಲ್‌ಬಿಡಬ್ಲ್ಯೂ ಎಂಬ ಔಟೇ ಇರುವುದಿಲ್ಲ. ಆ ದಿನ ಮ್ಯಾಚ್ ಇಲ್ಲದ ಮೂರನೇ ಕ್ಲಬ್‌ನಿಂದ ಇಬ್ಬರನ್ನು ಕಳಿಸುವುದು ಇದ್ದುದರಲ್ಲಿ ವಾಸಿ, ಆದರೆ ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗ ಬೇಕು. ಹತ್ತು ತಂಡ ಒಂದೊಂದು ಸಲ ಎದುರಾದರೆ 45 ಮ್ಯಾಚ್. ದಿನಕ್ಕೊಂದೇ ಮ್ಯಾಚ್ ಹಿಡಿಯುವ ಮೈದಾನ ಮೂರಿದ್ದರೆ 15 ವಾರ, ಪ್ರತಿ ವಾರ ನಾಲ್ಕು ತಂಡ ಖಾಲಿ. ವೇಳಾಪಟ್ಟಿ ಹಾಕುವಾಗಲೇ ಆ ನಾಲ್ಕು ತಂಡಗಳ ಮುಂದೆ ಅಂಪೈರ್ ಕೆಲಸ ಬರೆದುಬಿಡಬಹುದು. ಬರದಿದ್ದರೆ ದಂಡ ಬೇಡ, ಒಂದು ಪಾಯಿಂಟ್ ಕಡಿತ ಮಾಡಿ. ದಂಡ ಹಾಕಿದರೆ ಮೊದಲೇ ಬಡವಾದ ಕ್ಲಬ್ ಕೊಡಲಾಗದೆ ಲೀಗ್ ಬಿಡುತ್ತದೆ; ಪಾಯಿಂಟ್ ಹೋದರೆ ಕ್ಯಾಪ್ಟನ್ನೇ ಜನ ಹುಡುಕುತ್ತಾನೆ. ತಂಡ ಬಾರದೆ ಎದುರಾಳಿಗೆ ಗೆಲುವು ಬಿಟ್ಟುಕೊಡುವ ವಾಕೋವರ್‌ಗೂ ಇದೇ ಮಾತು, ಅದರ ಜೊತೆಗೆ ಏಳು ಜನ ಬಂದರೂ ಆಡಿಸಿ ಎಂಬ ಒಂದು ಸಾಲು ಲೀಗ್‌ನ ನಿಯಮ ಪುಸ್ತಕದಲ್ಲಿ ಸೇರಬೇಕು.