ಮೂರನೇ ಸ್ವಿಚ್ ಹಾಕುವ ಮೊದಲು

ಮಂಡ್ಯದಲ್ಲಿ ನಾನು ಆಟೋ ಎಲೆಕ್ಟ್ರಿಷಿಯನ್ ಅಂಗಡಿ ಇಟ್ಟ ಮೊದಲ ವರ್ಷ. ಪಾಂಡವಪುರ ಕಡೆಯ ರೈತರೊಬ್ಬರು ಹಳೆಯ ಸಣ್ಣ ಕಾರು ತಂದರು. ಹೆಡ್‌ಲೈಟ್ ಹತ್ತು ನಿಮಿಷ ಉರಿದು ಆರಿ ಹೋಗುತ್ತಿತ್ತು. ಸ್ವಿಚ್ ಮುಟ್ಟಿದರೆ ಕೈ ಸುಡುತ್ತಿತ್ತು. ಬಿಚ್ಚಿ ನೋಡಿದರೆ ಒಳಗಿನ ಪ್ಲಾಸ್ಟಿಕ್ ಕರಗಿತ್ತು, ಕರೆಂಟ್ ಕೂಡಿಸುವ ಲೋಹದ ಪಾಯಿಂಟ್ ಕಪ್ಪಾಗಿತ್ತು. ಹೊಸ ಸ್ವಿಚ್ ಹಾಕಿ ಕಳಿಸಿದೆ.

ಐದು ತಿಂಗಳಿಗೆ ಅದೇ ಕಾರು ಮತ್ತೆ ಬಂತು. ಅದೇ ಸುಟ್ಟ ವಾಸನೆ. ಆಗ ಕಬ್ಬು ಅರೆಯುವ ಕಾಲ. ರಾತ್ರಿ ನಾಲೆ ಏರಿ ಮೇಲೆ ಬರುವಾಗ ಲೈಟ್ ಆರಿತಂತೆ. ಮುಂದೆ ಕಬ್ಬು ತುಂಬಿದ ಟ್ರಾಕ್ಟರ್, ಅದರ ಹಿಂದೆ ಲೈಟೂ ಇಲ್ಲ, ರೇಡಿಯಂ ಪಟ್ಟಿಯೂ ಇಲ್ಲ. ಪಕ್ಕದ ಸೀಟಿನಲ್ಲಿ ಅವರ ಮಗಳು. ಹೇಗೋ ಬ್ರೇಕ್ ಒತ್ತಿ ನಿಲ್ಲಿಸಿದ್ದಾರೆ. ಅವರು ನನ್ನನ್ನು ಬೈಯಲಿಲ್ಲ. 'ರಾತ್ರಿ ಓಡಾಡಲೇಬೇಕು ಕಣಪ್ಪ, ಸರಿ ಮಾಡಿಕೊಡು' ಅಂದರು, ಅಷ್ಟೇ. ಆ ಮಾತು ಇವತ್ತಿಗೂ ಮನಸ್ಸಿನಲ್ಲಿದೆ.

ನಾನು ಕೆಲಸ ಕಲಿತದ್ದು ಮೈಸೂರಿನ ಒಬ್ಬ ಉಸ್ತಾದರ ಹತ್ತಿರ. ಅವರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: 'ಲೈಟ್ ಉರಿಯುವಾಗ ಮೀಟರ್ ಇಟ್ಟು ನೋಡಿದ್ಯಾ?'

ನೋಡಿರಲಿಲ್ಲ. ನಾನು ನಂಬಿದ್ದು ವೈರಿಗೆ ಕರೆಂಟ್ ಬರುತ್ತಿದೆಯೇ ಅಂತ ನೋಡುವ ಟೆಸ್ಟ್ ಲ್ಯಾಂಪನ್ನು. ಅದರ ಸಣ್ಣ ಬಲ್ಬು ಅರ್ಧ ಆಂಪಿಯರ್ ಕೂಡ ಎಳೆಯುವುದಿಲ್ಲ. ವೈರಿನೊಳಗೆ ಒಂದೆರಡು ಎಳೆ ಉಳಿದಿದ್ದರೂ ಸಾಕು, ಚೆನ್ನಾಗಿ ಉರಿಯುತ್ತದೆ. ಎಲ್ಲಾ ಸರಿ ಇದೆ ಅನ್ನಿಸಿಬಿಡುತ್ತದೆ. ಲೋಡ್ ಇಲ್ಲದೆ, ಅಂದರೆ ಲೈಟ್ ಉರಿಸದೆ, ಮೀಟರ್ ಇಟ್ಟರೂ ಇದೇ ಕಥೆ. ಪೂರ್ತಿ ವೋಲ್ಟ್ ತೋರಿಸುತ್ತದೆ.

ಇಂಜಿನ್ ಓಡಿಸಿ, ಹೆಡ್‌ಲೈಟ್ ಹಾಕಿ ಅಳೆದೆ. ಬ್ಯಾಟರಿಯ ಎರಡು ತುದಿಗೆ 13.9 ವೋಲ್ಟ್. ಬಲ್ಬಿನ ಹೋಲ್ಡರಿನಲ್ಲಿ 11.6. ನಡುವೆ 2.3 ವೋಲ್ಟ್ ಕಾಣೆ! ಎಲ್ಲಿ ಹೋಯಿತು ಅಂತ ಒಂದೊಂದೇ ತುಂಡು ಅಳೆಯುತ್ತಾ ಹೋದೆ. ಸ್ವಿಚ್‌ನಲ್ಲೇ 1.1. ಉದ್ದದ ಸಣ್ಣ ವೈರು, ವೈರು ಜೋಡಿಸುವ ಕಪ್ಲರುಗಳಲ್ಲಿ 0.7. ಉಳಿದ 0.5 ಅರ್ಥ್ ಕಡೆ, ಅಂದರೆ ಕರೆಂಟ್ ಬ್ಯಾಟರಿಯ ಮೈನಸ್ಸಿಗೆ ವಾಪಸ್ ಹೋಗುವ ದಾರಿಯಲ್ಲಿ. ಕಾರಿನ ಬಾಡಿಯ ತಗಡಿಗೆ ಬಿಗಿದ ಲಗ್ (ವೈರಿನ ತುದಿಯ ಲೋಹದ ಬಳೆ) ತುಕ್ಕು ಹಿಡಿದಿತ್ತು. ನಾನು ಮೊದಲ ಸಲ ಅದರ ಕಡೆ ತಿರುಗಿಯೂ ನೋಡಿರಲಿಲ್ಲ.

ಲೆಕ್ಕ ಸುಲಭ. ಹೆಡ್‌ಲೈಟಿನ ಎಚ್4 ಬಲ್ಬು 60/55 ವ್ಯಾಟ್, ಹೈ ಬೀಮಿಗೆ 60, ಡಿಮ್ಮಿಗೆ 55. ಎರಡು ಬಲ್ಬಿಗೆ ಡಿಮ್‌ನಲ್ಲಿ 110, ಹೈ ಬೀಮ್‌ನಲ್ಲಿ 120 ವ್ಯಾಟ್. ಅಂದರೆ ಒಂಬತ್ತು ಹತ್ತು ಆಂಪಿಯರ್. ಈ ಕಾರಿನಲ್ಲಿ ಅಷ್ಟೂ ಕರೆಂಟ್ ಆ ಪುಟ್ಟ ಸ್ವಿಚ್ ಒಳಗಿನಿಂದಲೇ ಓಡುತ್ತಿತ್ತು. 1.1 ವೋಲ್ಟನ್ನು ಒಂಬತ್ತರಿಂದ ಗುಣಿಸಿ. ಸುಮಾರು ಹತ್ತು ವ್ಯಾಟ್ ಬಿಸಿ. ನನ್ನ ಸಾಲ್ಡರಿಂಗ್ ಐರನ್ನೇ 25 ವ್ಯಾಟಿನದು. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹತ್ತು ವ್ಯಾಟ್ ಗಂಟೆಗಟ್ಟಲೆ ಕೂತರೆ ಕರಗದೆ ಇನ್ನೇನು? ಬಿಸಿಯಾದ ಪಾಯಿಂಟ್ ಇನ್ನಷ್ಟು ಕೆಡುತ್ತದೆ, ಕೆಟ್ಟಷ್ಟೂ ಜಾಸ್ತಿ ಬಿಸಿಯಾಗುತ್ತದೆ. ಮೂರನೇ ಸ್ವಿಚ್ ಹಾಕಿದ್ದರೂ ಇದೇ ಗತಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಗುತ್ತಿತ್ತು.

ಬೆಳಕಿನ ನಷ್ಟ ಇನ್ನೂ ದೊಡ್ಡದು. ವೋಲ್ಟೇಜ್ ಶೇಕಡಾ 10 ಇಳಿದರೆ ಈ ಥರದ ಬಲ್ಬಿನ ಬೆಳಕು ಸುಮಾರು 30 ಇಳಿಯುತ್ತದೆ. ಅದಕ್ಕೇ ಎಷ್ಟೋ ಹಳೆ ಕಾರುಗಳ ಲೈಟ್ ಹಳದಿಯಾಗಿ ಸೊರಗಿರುತ್ತದೆ. ಆಗ ಜನ 100/90 ವ್ಯಾಟ್ ಬಲ್ಬು ಕೇಳುತ್ತಾರೆ. ನಾನು ಹಾಕುವುದಿಲ್ಲ. ಸ್ವಿಚ್, ಹೋಲ್ಡರ್ ಇನ್ನೂ ಬೇಗ ಸುಡುತ್ತವೆ, ಎದುರಿನವರ ಕಣ್ಣಿಗೂ ಕುಕ್ಕುತ್ತದೆ. 60/55ಕ್ಕೇ ಪೂರ್ತಿ ವೋಲ್ಟ್ ಕೊಟ್ಟು ನೋಡಿ, ಸಾಕಾಗುತ್ತದೆ.

ಇದಕ್ಕೆ ಮದ್ದು ರಿಲೇ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಪುಟ್ಟ ಡಬ್ಬಿ. ನಮ್ಮ ಕಡೆಯವರಿಗೆ ನಾನು ನಾಲೆಯ ಲೆಕ್ಕದಲ್ಲೇ ಹೇಳುವುದು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರನ್ನು ಯಾರೂ ಕೈಯಲ್ಲಿ ಎತ್ತಿ ಗದ್ದೆಗೆ ಸುರಿಯುವುದಿಲ್ಲ ಅಲ್ವಾ? ತೂಬು ತಿರುಗಿಸುತ್ತಾರೆ, ನೀರು ತಾನೇ ಹರಿಯುತ್ತದೆ. ಸ್ವಿಚ್ ಬರೀ ತೂಬು ತಿರುಗಿಸುವ ಕೈ ಆಗಬೇಕು. ರಿಲೇ ಒಳಗೆ ಪಾಯಿಂಟನ್ನು ಕೂಡಿಸುವ ಕಾಯಿಲ್ (ತಂತಿಯ ಸುರುಳಿ) ಆಂಪಿಯರಿನ ಐದನೇ ಒಂದು ಭಾಗವನ್ನೂ ಎಳೆಯುವುದಿಲ್ಲ. ಅಷ್ಟು ಮಾತ್ರ ಸ್ವಿಚ್ ಹೊರುತ್ತದೆ. ಹತ್ತು ಆಂಪಿಯರಿನ ಭಾರ ಬ್ಯಾಟರಿಯಿಂದ ರಿಲೇ ದಾಟಿ ನೇರ ಬಲ್ಬಿಗೆ ಹೋಗುತ್ತದೆ.

ಎರಡು ರಿಲೇ ತಂದೆ, ಡಿಮ್‌ಗೆ ಒಂದು, ಹೈಗೆ ಒಂದು. ಬ್ಯಾಟರಿ ಪ್ಲಸ್‌ನಿಂದ 2.5 ಚದರ ಮಿಲಿಮೀಟರ್ ಆಟೋ ವೈರ್ ಎಳೆದು, ಒಂದೊಂದಕ್ಕೂ 15 ಆಂಪಿಯರ್ ಫ್ಯೂಸ್ ಹಾಕಿ, ರಿಲೇ ಮೇಲೆ ಬರೆದಿರುವ ನಂಬರಿನ ಪ್ರಕಾರ 30ನೇ ಪಿನ್‌ಗೆ ಕೊಟ್ಟೆ. 87ರಿಂದ ಬಲ್ಬಿಗೆ. ಮೊದಲು ಬಲ್ಬಿಗೆ ಹೋಗುತ್ತಿದ್ದ ಹಳೆಯ ವೈರು ಈಗ ಕಾಯಿಲಿನ ಒಂದು ತುದಿ 86ಕ್ಕೆ, ಇನ್ನೊಂದು ತುದಿ 85 ಅರ್ಥ್‌ಗೆ. ಕಂಪನಿ ವೈರಿಂಗ್ ಒಂದು ಕಡೆಯೂ ಕತ್ತರಿಸಲಿಲ್ಲ, ಹಳೆ ಹೋಲ್ಡರಿಗೆ ಸಿಕ್ಕಿಸುವ ಪ್ಲಗ್ ಮಾಡಿಕೊಂಡೆ. ಬಲ್ಬಿನ ಅರ್ಥ್‌ಗೆ ಬೇರೆ ದಪ್ಪ ವೈರ್ ಎಳೆದು, ಪೇಂಟ್ ಕೆರೆದು, ಹೊಸ ಲಗ್ ಹಾಕಿ ಬಿಗಿದೆ. ರಿಲೇಯ ಪಿನ್‌ಗಳು ಕೆಳಮುಖ ಇರಲಿ, ನೀರು ನಿಲ್ಲುವುದಿಲ್ಲ.

ಫ್ಯೂಸಿನ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಅದು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ಕೆಲವರು ಬಲ್ಬಿನ ಹತ್ತಿರ ಹಾಕುತ್ತಾರೆ, ಕೆಲವರು ಹಾಕುವುದೇ ಇಲ್ಲ. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರು ಎಲ್ಲಾದರೂ ಬಾಡಿಯ ತಗಡಿಗೆ ತಿಕ್ಕಿ ಸಿಪ್ಪೆ ಹೋದರೆ ತಡೆಯುವವರು ಯಾರೂ ಇಲ್ಲ. ವೈರು ಕೆಂಡವಾಗುತ್ತದೆ. ಸ್ವಿಚ್ ಉಳಿಸಲು ಹೋಗಿ ಕಾರು ಸುಡಬಾರದು. ತಗಡು ದಾಟುವ ಕಡೆ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಹಾಕುವ ಬಳೆ), ಉಳಿದ ಕಡೆ ವೈರಿನ ಮೇಲೆ ಸ್ಲೀವ್ ಹಾಕಿ.

ಇನ್ನೊಂದು ವಿಷಯ. ಎಲ್ಲಾ ಕಾರುಗಳಲ್ಲೂ ಸ್ವಿಚ್ ಪ್ಲಸ್ ಕಡೆಯನ್ನೇ ಕಟ್ ಮಾಡುವುದಿಲ್ಲ. ಕೆಲವದರಲ್ಲಿ ಅರ್ಥ್ ಕಡೆ ಕಟ್ ಮಾಡುತ್ತದೆ. ಅಂಥದ್ದಕ್ಕೆ ಮೇಲಿನ ಕನೆಕ್ಷನ್ ಹಾಗೇ ಕೊಟ್ಟರೆ ಕೆಲಸ ಮಾಡುವುದಿಲ್ಲ. ಬಲ್ಬು ಕಳಚಿ, ಲೈಟ್ ಆನ್ ಆಫ್ ಮಾಡುತ್ತಾ ಹೋಲ್ಡರಿನ ಮೂರೂ ಪಿನ್ ಮೀಟರಿನಲ್ಲಿ ನೋಡಿಕೊಂಡೇ ಶುರು ಮಾಡಿ.

ಸಂಜೆ ಮತ್ತೆ ಅಳೆದಾಗ ಹೋಲ್ಡರಿನಲ್ಲಿ 13.4 ಇತ್ತು. ಅಂಗಡಿ ಎದುರಿನ ಗೋಡೆ ಮೇಲೆ ಬೆಳಕು ಬೆಳ್ಳಗೆ ಬಿತ್ತು. ಅರ್ಧ ಗಂಟೆ ಉರಿಸಿ ಸ್ವಿಚ್ ಮುಟ್ಟಿದೆ, ತಣ್ಣಗಿತ್ತು. ರೈತರನ್ನೂ ಕರೆದು ಮುಟ್ಟಿಸಿದೆ. ಎರಡನೇ ಸಲದ ಕೂಲಿ ನಾನು ತೆಗೆದುಕೊಳ್ಳಲಿಲ್ಲ, ಸಾಮಾನಿನ ದುಡ್ಡು ಮಾತ್ರ ಕೇಳಿದೆ.

ಕಳಿಸುವ ಮೊದಲು ಒಂದು ಹಾಳೆಯಲ್ಲಿ ಕನೆಕ್ಷನ್ ಚಿತ್ರ ಬರೆದೆ. ಯಾವ ಬಣ್ಣದ ವೈರು ಯಾವ ಪಿನ್‌ಗೆ, ಫ್ಯೂಸ್ ಎಲ್ಲಿ, ಅರ್ಥ್ ಎಲ್ಲಿ ಅಂತ. ಅದನ್ನು ಲ್ಯಾಮಿನೇಷನ್ ಮಾಡಿಸಿ ಬಾನೆಟ್ ಒಳಗೆ, ಬಿಸಿ ತಾಗದ ಮೂಲೆಯಲ್ಲಿ ಅಂಟಿಸಿದೆ. ಮುಂದೆ ಆ ಕಾರು ಬೇರೆ ಯಾವ ಊರಿನ ಎಲೆಕ್ಟ್ರಿಷಿಯನ್ ಕೈಗೆ ಹೋದರೂ ಅವನು ಹುಡುಕಾಡಬಾರದು. ಈಗ ರಿಲೇ ಹಾಕಿದ ಪ್ರತಿ ಗಾಡಿಗೂ ಒಂದು ಚಿತ್ರ ಅಂಟಿಸಿಯೇ ಕಳಿಸುತ್ತೇನೆ.