ನಾಲ್ಕು ಕಣ್ಣಿನ ಹುಳ

ಭಾನುವಾರ, ಜುಲೈ 9, 2023
ನೇಪರ್‌ವಿಲ್, ಇಲಿನಾಯ್

ಕಾಲುದಾರಿ ಪಕ್ಕದ ಮಿಲ್ಕ್‌ವೀಡ್ ಹೂ ಬಿಟ್ಟಿದೆ. ಕೆಂಪು ಹುಳಗಳೂ ಬಂದಿವೆ. ಏಳು ಗಂಟೆಗೇ ಕ್ಯಾಮೆರಾ ಹಿಡಿದು ಹೊರಟೆ. ಬಿಸಿಲೇರಿದರೆ ಆ ಕೆಂಪು ಫೋಟೊದಲ್ಲಿ ಬರೀ ಬಣ್ಣದ ಮುದ್ದೆ.

ಅಮ್ಮನೂ ಜೊತೆಗೆ ಬಂದಳು. ಎಲೆ ಚಿವುಟಿ ಹಾಲು ನೋಡಿದವಳೇ, "ಇದು ನಮ್ಮ ಎಕ್ಕದ ಪೈಕಿನೇ ಕಣೇ. ಆ ಕೈ ಕಣ್ಣಿಗೆ ಮುಟ್ಟಿಸಬೇಡ" ಅಂದಳು. ಎರಡೂ ಒಂದೇ ಕುಟುಂಬ ಅಂತ ಹೇಳಿ ಜಾಣತನ ತೋರಿಸೋಣ ಅಂತಿದ್ದೆ. ಹೋಯ್ತು.

ಈ ಹುಳ ಆ ಹಾಲಿಗೂ ಉಪಾಯ ಕಂಡುಕೊಂಡಿದೆ. ಮೊದಲು ಎಲೆಯ ನಡುನರ ಕಚ್ಚಿ ಹಾಲು ಸೋರಿಸಿಬಿಡುತ್ತದೆ. ಆಮೇಲೆ ತುದಿ ಕಡೆ ಹೋಗಿ ನಿಧಾನವಾಗಿ ಮೇಯುತ್ತದೆ. ಅಮ್ಮ ಬಗ್ಗಿ ಬಗ್ಗಿ ನೋಡಿದಳು.

ಮೊದಲಿನ ಎರಡು ಹುಳ ನನ್ನ ನೆರಳು ಬಿದ್ದದ್ದೇ ಕಾಲು ಬಿಟ್ಟು ತೊಪ್ಪನೆ ಹುಲ್ಲಿಗೆ. ಮೂರನೆಯದು ಮಹಾರಾಯ, ಕೂತಿತು. ಎಲೆ ಅಲುಗದ ಹಾಗೆ ಅಮ್ಮನೇ ದಂಟು ಹಿಡಿದುಕೊಂಡಳು. ಮೀಸೆ ಪೂರ್ತಿ ಕಪ್ಪು. ಬೂದು ಬಳೆಗಳಿದ್ದಿದ್ದರೆ ಬೇರೆ ಜಾತಿ ಇರಬಹುದು ಅಂತ ಮತ್ತೆ ತಲೆ ಕೆಡಿಸಿಕೊಳ್ಳಬೇಕಿತ್ತು. ಇದರ ವೈಜ್ಞಾನಿಕ ಹೆಸರು ಟೆಟ್ರಾಓಪೀಸ್ ಟೆಟ್ರಾಫ್ತಾಲ್ಮಸ್. 1771ರಲ್ಲಿ ಫಾರ್ಸ್ಟರ್ ಅನ್ನೋ ಪ್ರಕೃತಿ ವಿಜ್ಞಾನಿ ಇದಕ್ಕೆ ನಾಲ್ಕು ಕಣ್ಣು ಅಂತ ಹೆಸರಿಟ್ಟ. ಆಮೇಲೆ ಬಂದವರು ಕುಲದ ಹೆಸರಿಗೂ ಅದನ್ನೇ ಅಂಟಿಸಿದರು. ಸೋಡಾಬುಡ್ಡಿ ಅನ್ನಿಸಿಕೊಂಡು ಬೆಳೆದ ನನಗೆ ಇದರ ಮೇಲೆ ಸ್ವಲ್ಪ ಜಾಸ್ತಿನೇ ಪ್ರೀತಿ.

ಕ್ಯಾಮೆರಾದ ಪರದೆಯಲ್ಲಿ ದೊಡ್ಡದು ಮಾಡಿ ಅಮ್ಮನಿಗೆ ತೋರಿಸಿದೆ. ಮೀಸೆಯ ಬುಡ ಸರಿಯಾಗಿ ಕಣ್ಣಿನ ನಡುವೆಯೇ ಬಂದು ಒಂದು ಕಣ್ಣನ್ನು ಎರಡು ತುಂಡು ಮಾಡಿದೆ. ಮೇಲೊಂದು, ಕೆಳಗೊಂದು. ಅಮ್ಮ ಬಹಳ ಹೊತ್ತು ನೋಡಿದಳು.

"ಪಾಪ, ಅದಕ್ಕೂ ಎರಡೆರಡು ಕಾಣಿಸುತ್ತಾ?"

ನಾನು ನಕ್ಕೆ. ಹುಳವನ್ನು ಬೆರಳಲ್ಲಿ ಮೆಲ್ಲಗೆ ಹಿಡಿದು ಅವಳ ಕಿವಿ ಹತ್ತಿರ ತಂದೆ. ಕೀಚು ಕೀಚು ಅಂತು. ಅವಳೂ ನಕ್ಕಳು. ಮನೆಗೆ ಬಂದು ಉಪ್ಪಿಟ್ಟು ತಿಂದೆವು.

ಈಗ ರಾತ್ರಿ ಹನ್ನೊಂದು. ಎಂಬತ್ತು ಫೋಟೊಗಳಲ್ಲಿ ಮೂರು ಉಳಿಸಿಕೊಂಡೆ. ಒಂದರಲ್ಲಿ ಕಣ್ಣು ಎಷ್ಟು ಚೂಪಾಗಿ ಬಂದಿದೆ ಅಂದರೆ ಒಂದೊಂದು ಹರಳೂ ಎಣಿಸಬಹುದು.

"ಅದಕ್ಕೂ" ಅಂದಳಲ್ಲ. ಅದಕ್ಕೂ ಅಂದರೆ? ಎಡಗಣ್ಣಿನ ಪೊರೆ ತೆಗೆಸಿದ್ದು ಹೋದ ವರ್ಷ. ಬಲಗಣ್ಣು ಚೆನ್ನಾಗಿಯೇ ಇದೆ ಅಂತ ಬಂದಾಗಿನಿಂದ ಹೇಳುತ್ತಿದ್ದಾಳೆ. ನಿನ್ನೆ ಚಹಾ ಬಗ್ಗಿಸುವಾಗ ಲೋಟದ ಪಕ್ಕಕ್ಕೆ